ಬೀಗ ಹಾಕಿದ ಸಾಲು

ಸೀರೆ ಅಂಗಡಿಯ ಗ್ರಾಹಕರಿಗೆ ಹೋಗುವ ಇಮೇಲಿನ ಕೋಡನ್ನು ಮಾರ್ಕೆಟಿಂಗ್‌ನವರು ಮೂರು ಸಲ ಕೆಡಿಸಿದ ಮೇಲೆ, ಪ್ರೋಗ್ರಾಮರ್ ಪ್ರಹ್ಲಾದ ಎಲ್ಲಕ್ಕೂ ಬೀಗ ಜಡಿದ. ಅವರು ಬರೆದುಕೊಳ್ಳಲಿ ಎಂದು ನಡುವೆ ಒಂದೇ ಒಂದು ಬಾಕ್ಸ್ ಬಿಟ್ಟುಕೊಟ್ಟ.

“ಇನ್ನು ಬ್ರಹ್ಮ ಬಂದ್ರೂ ಕೆಡಿಸಕ್ಕಾಗಲ್ಲ,” ಎಂದು ಮೀಸೆ ತಿರುವಿದ.

ಮಾರ್ಕೆಟಿಂಗ್‌ನ ಸರ್ವಮಂಗಳಾ ಫೋನ್ ಮಾಡಿದಳು. “ಸರ್, ಮೇಲ್ಗಡೆ ಒಂದು ಸಾಲಿದೆಯಲ್ಲ...”

“ಅದೆಲ್ಲ ನಿಮಗೆ ಅರ್ಥ ಆಗಲ್ಲ ಮೇಡಂ.”

“ಕನ್ನಡದಲ್ಲೇ ಇದೆ ಸರ್. ತೆಗೆದ್ರೆ ಒಳ್ಳೇದಿತ್ತು.”

“ಬೀಗ ಹಾಕಿರೋದರ ತಂಟೆ ನಿಮಗ್ಯಾಕೆ? ನಿಮ್ಮ ಬಾಕ್ಸಲ್ಲಿ ಬರೀರಿ, ಕಳಿಸಿ.”

“ಆಯ್ತು ಸರ್, ನೀವು ಹೇಳಿದ ಹಾಗೇ.”

ನಲವತ್ತು ಸಾವಿರ ಗ್ರಾಹಕರ ಜೊತೆ ಅವನಿಗೂ ಒಂದು ಪ್ರತಿ ಬಂತು. ಸರ್ವಮಂಗಳಾ ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅದರ ನೆತ್ತಿಯ ಮೇಲೆ, ಪರೀಕ್ಷೆಗೆಂದು ಅವನೇ ಟೈಪಿಸಿ ಮರೆತಿದ್ದ ಸಾಲು ಭದ್ರವಾಗಿ ಕೂತಿತ್ತು: “ಈ ದರಿದ್ರ ಸೀರೇನ ಯಾವ ಪುಣ್ಯಾತ್ಗಿತ್ತಿ ಉಡ್ತಾಳೋ!”