ಎರಡು ರಾತ್ರಿಯ ಬಣ್ಣ

"ಇವತ್ತು ಎಷ್ಟು ರಾತ್ರಿ ಹಚ್ಚಲಿ ಸಾರ್?" ಸ್ಪಂಜು ಒದ್ದೆ ಮಾಡುತ್ತ ಕೇಳಿದಳು ಬಣ್ಣದಮ್ಮ.

"ಎರಡು ಸಾಕು," ಅಂದರು ನಾಯಕರು, ಬಿಸ್ಕತ್ತು ಕಡಿಯುತ್ತ. "ನಿನ್ನೆ ನೀನು ಮೂರು ಹಚ್ಚಿಬಿಟ್ಟಿದ್ದೆ. ಕಾಯಿಲೆಯವನ ಹಾಗೆ ಕಂಡೆ ಅಂತ ಮನೆಯವಳು ಬೈದಳು."

ಒಂದು ರಾತ್ರಿ ಅಂದರೆ ಕಣ್ಣಿನ ಕೆಳಗೆ ತೆಳು ಕಂದು. ಎರಡಕ್ಕೆ ಅದರ ಮೇಲೆ ಚೂರು ನೇರಳೆ. ಉಂಗುರದ ಬೆರಳಲ್ಲಿ ತಟ್ಟಿ ತಟ್ಟಿ ಕೆನ್ನೆಗೆ ಇಳಿಸಬೇಕು. ಮೂರಕ್ಕೆ ರೆಪ್ಪೆಯಂಚಿಗೆ ಕೆಂಪು. ನಾಡಿನಲ್ಲಿ ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕತೊಡಗಿ ಮೂರು ವಾರವಾಗಿತ್ತು, ಚುನಾವಣೆಗೆ ಇನ್ನೆರಡು ವಾರವಿತ್ತು. "ನಿಮ್ಮ ಹಣದ ಚಿಂತೆಯಲ್ಲಿ ನನಗೆ ನಿದ್ದೆಯಿಲ್ಲ" ಎಂದು ನಾಯಕರು ಟೀವಿಯಲ್ಲಿ ಹೇಳುತ್ತಿದ್ದರು. ಆ ನಿದ್ದೆಗೇಡನ್ನು ಡಬ್ಬಿಯಿಂದ ತೆಗೆದು ಹಚ್ಚುತ್ತಿದ್ದವಳು ಇವಳು.

ಬಣ್ಣದ ಕೆಳಗಿನದೋ, ಎಂಟು ಗಂಟೆ ಗೊರಕೆ ಹೊಡೆದ ಚರ್ಮ. ಅದನ್ನು ಮುಟ್ಟಿದಾಗೆಲ್ಲ ಅವಳಿಗೆ ಸಮಾಧಾನ. ಒಳಗಿನ ಸುದ್ದಿಯೆಲ್ಲ ಬಲ್ಲ ಮನುಷ್ಯ ಹೀಗೆ ನಿದ್ದೆ ಮಾಡುತ್ತಾನೆ ಅಂದಮೇಲೆ ನಮ್ಮೂರ ಬ್ಯಾಂಕಿಗೆ ಏನಾದೀತು?

ಅವಳ ಇಪ್ಪತ್ತೆರಡು ವರ್ಷದ ದುಡಿಮೆ ಇದ್ದದ್ದು ಆ ಬ್ಯಾಂಕಿನಲ್ಲೇ. ಅಕ್ಕನದೂ ಅಲ್ಲೇ. ಅಕ್ಕ ಇಸ್ತ್ರಿ ಅಂಗಡಿಯವಳು; ನಿಂತು ನಿಂತು ಎರಡೂ ಮಂಡಿ ಸವೆದಿದ್ದವು. ಆಪರೇಷನ್ನಿಗೆ ಬೇಕಾದಷ್ಟು ಈಗಷ್ಟೇ ಕೂಡಿಬಂದಿತ್ತು.

ನಾಯಕರು ನಾಲ್ಕು ದಿನ ಬೇರೆ ಊರುಗಳಲ್ಲಿ ಪ್ರಚಾರ ಮುಗಿಸಿ ಗುರುವಾರ ಬಂದು ಕುರ್ಚಿಗೆ ಬಿದ್ದರು. ಟೀ ತಣ್ಣಗಾಯಿತು. ಬಿಸ್ಕತ್ತು ತಟ್ಟೆಯಲ್ಲೇ ಉಳಿಯಿತು. ಬಣ್ಣದಮ್ಮ ದೀಪ ಹಾಕಿದವಳೇ ಗಕ್ಕನೆ ನಿಂತಳು. ಕಣ್ಣಿನ ಕೆಳಗೆ ಹಳ್ಳ, ರೆಪ್ಪೆಯಂಚೆಲ್ಲ ಕೆಂಪು. ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡು ಕೂತವರ ಹಾಗೆ ದವಡೆ ಬಿಗಿದಿತ್ತು. ಹತ್ತಿಯಲ್ಲಿ ಒರೆಸಿ ನೋಡಿದಳು. ಬಣ್ಣವಲ್ಲ.

"ಇದು ನಾಲ್ಕು ರಾತ್ರಿಯದು," ಅಂದಳು ಮೆಲ್ಲಗೆ.

"ಗೊತ್ತು. ಎರಡಕ್ಕೆ ಇಳಿಸು." ತುಟಿ ಸರಿಯಾಗಿ ತೆರೆಯಲೂ ಇಲ್ಲ. "ಈ ಕೋಣೆ ದಾಟಬಾರದು ಇದು. ಎದುರು ಪಾರ್ಟಿಯವನು ಮೊದಲೇ ನನ್ನನ್ನ ಮುದಿ ಎತ್ತು ಅಂತಿದಾನೆ."

ಅರ್ಧ ಗಂಟೆಯ ಮೇಲೆ ಅವರು ಕ್ಯಾಮೆರಾದ ಮುಂದೆ ಪ್ರಚಾರ ನಿಲ್ಲಿಸಿದರು. ಮೂರು ದಿನ ರಾಜಧಾನಿಯಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಬ್ಯಾಂಕಿನ ದೊಡ್ಡವರ ಜೊತೆ ಕೂರುತ್ತಾರಂತೆ. ನಾಡು ಮೊದಲು, ಓಟು ಆಮೇಲೆ.

"ಏನು ನಟನೆ ಮಾರಾಯ್ತಿ," ಅಂದ ಕ್ಯಾಮೆರಾದವನು.

ಬಣ್ಣದಮ್ಮ ಡಬ್ಬಿಗಳನ್ನು ಎತ್ತಿಟ್ಟಳು. ಇಷ್ಟು ದಿನದಲ್ಲಿ ಆ ಮುಖದ ಮೇಲೆ ತಾನು ಹಚ್ಚದೆ ಬಂದ ನಿಜ ಅದೊಂದೇ. ಪೆಟ್ಟಿಗೆ ಮುಚ್ಚಿ ಸೀದಾ ಇಸ್ತ್ರಿ ಅಂಗಡಿಗೆ ಓಡಿದಳು.

"ಅಕ್ಕಾ, ಪಾಸ್‌ಬುಕ್ ತಗೋ, ಬ್ಯಾಂಕಿಗೆ ನಡಿ."

"ಯಾಕೆ, ಏನಂದರು ನಿಮ್ಮ ನಾಯಕರು?"

"ಏನೂ ಅನ್ನಲಿಲ್ಲ. ಮುಖ ನೋಡಿದೆ."

ಅಕ್ಕ ಇಸ್ತ್ರಿ ನಿಲ್ಲಿಸಲಿಲ್ಲ. "ಮೂರು ವಾರದಿಂದ ಆ ಮುಖ ಮಾಡ್ತಿರೋಳೇ ನೀನು. ತಾನು ನಿಲ್ಲಿಸಿದ ಬೆದರುಬೊಂಬೆಗೆ ತಾನೇ ಹೆದರಿಕೊಂಡಳಂತೆ ಒಬ್ಬಳು. ಹೋಗೇ, ಇನ್ನೂ ಹತ್ತು ಪ್ಯಾಂಟಿದೆ."

ಬ್ಯಾಂಕಿನಲ್ಲಿ ನೊಣ ಹೊಡೆಯುವವರೂ ಇರಲಿಲ್ಲ. ಗುಮಾಸ್ತ ಆಕಳಿಸುತ್ತ ಚೀಟಿ ತಗೊಂಡ. "ಪೂರ್ತಿಯಾ? ಹೀಗೆ ಕೇಳಿದವರಲ್ಲಿ ನೀವೇ ಮೊದಲು."

ಅವಳು ಹಣ ಎಣಿಸಿ ಚೀಲಕ್ಕೆ ತುಂಬಿದಳು. ಕಾರಣ ಹೇಳುವಂತಿಲ್ಲ; ಕೋಣೆ ದಾಟಬಾರದು ಅಂದಿದ್ದರು ನಾಯಕರು. ಆದರೆ ಹಿಂದೆ ಹಣ ಕಟ್ಟಲು ಬಂದು ನಿಂತಿದ್ದ ದರ್ಜಿ ಅವಳ ಮುಖ ನೋಡಿದ, ಚೀಲ ನೋಡಿದ, ಕೈಯಲ್ಲಿದ್ದ ನೋಟನ್ನು ಮತ್ತೆ ಜೇಬಿಗೆ ಇಟ್ಟುಕೊಂಡ. ನಾಯಕರ ಮುಖ ತಿದ್ದುವವಳೇ ಹಣ ತೆಗೆಯುತ್ತಿದ್ದಾಳೆ ಅಂದಮೇಲೆ ಇನ್ನೇನು ಕೇಳುವುದು? ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಹತ್ತು ಜನ ಹತ್ತುತ್ತಿದ್ದರು. ಮಧ್ಯಾಹ್ನಕ್ಕೆ ಸಾಲು ಬೀದಿಯ ತಿರುವು ದಾಟಿತು.

ಮರುದಿನ ಅಕ್ಕನೂ ಹೋಗಿ ನಿಂತಳು. ಮಂಡಿ ತಡೆಯದೆ ಎರಡು ಸಲ ಕಟ್ಟೆಯ ಮೇಲೆ ಕೂತಳು. ಎದ್ದಾಗೆಲ್ಲ ಹಿಂದಿದ್ದವರು ಮುಂದಿದ್ದರು. ಬಾಗಿಲಿಗೆ ಇನ್ನು ಇಪ್ಪತ್ತು ಜನವಿದೆ ಅನ್ನುವಾಗ ಷಟರ್ ಬಿತ್ತು.

"ನಿನ್ನ ಮಾತು ಕೇಳಬೇಕಿತ್ತು ಕಣೇ," ಅಂದಳು, ಅಷ್ಟೇ. ಆಮೇಲೆ ಹೋಗಿ ಮೇಜಿನ ಮುಂದೆ ನಿಂತು ಪ್ಯಾಂಟು ಹರಡಿಕೊಂಡಳು. ಬಣ್ಣದಮ್ಮ ಅವಳ ಹಿಂದೆ ಸ್ಟೂಲು ಎಳೆದಿಟ್ಟಳು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ ಹೆಮ್ಮೆ. ಊರೆಲ್ಲ ನಾಯಕರ ಮಾತು ಕೇಳಿತು, ನಾನೊಬ್ಬಳೇ ಮುಖ ಓದಿದೆ.

ಸೋಮವಾರ ನಾಯಕರು ಬಂದರು. ಬಿಸಿ ಟೀ ಹೀರಿದರು. ಬಿಸ್ಕತ್ತನ್ನು ಬಲಗಡೆಯಿಂದಲೇ ಕಟುಮ್ಮನೆ ಕಡಿದರು. ಕಣ್ಣಿನ ಕೆಳಗೆ ಬೆಣ್ಣೆಯಂಥ ಚರ್ಮ.

ಬಣ್ಣದಮ್ಮನ ಕೈಯಲ್ಲಿ ಸ್ಪಂಜು ನಿಂತಿತು. "ಬ್ಯಾಂಕು ಮುಳುಗಿದ ಮೇಲೂ ನಿದ್ದೆ ಬಂತಾ ಸಾರ್?"

"ಅದೇ ನೋಡು ವಿಚಿತ್ರ. ಕಲ್ಲಿನ ಹಾಗಿದ್ದ ಬ್ಯಾಂಕು. ಯಾರೋ ಒಬ್ಬರು ಹೆದರಿ ಓಡಿದರಂತೆ, ಊರೇ ಹಿಂದೆ ಓಡಿತು. ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಪ್ರಚಾರ ಬಿಟ್ಟು ಹೋದೆ ಅಂತ ಪೇಪರಿನವರು ಬರೀತಿದಾರೆ. ಬರಕೊಳ್ಳಲಿ, ನಾನ್ಯಾಕೆ ಬೇಡ ಅನ್ನಲಿ?"

ಅವರು ಕನ್ನಡಿಯತ್ತ ಬಾಗಿ, ಎಡಗೆನ್ನೆಯನ್ನು ಬೆರಳಲ್ಲಿ ಎಳೆದು ಒಳಗಿನ ಖಾಲಿ ಜಾಗ ತೋರಿಸಿದರು. "ಮೂರು ದಿನ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಕೂತಿದ್ದೆ ಕಣಮ್ಮ, ಆ ಹಾಳು ದವಡೆಹಲ್ಲು ಕಿತ್ತಮೇಲೆ ಮಗು ಹಾಗೆ ನಿದ್ದೆ, ಎರಡು ರಾತ್ರಿ ಹಚ್ಚಿಬಿಡು."