ಬುಟ್ಟಿ ಸುರಿದ ಭಾನುವಾರ

ಏಪ್ರಿಲ್ ತಿಂಗಳು, ಮಳೆ ಬಿದ್ದು ಹತ್ತು ದಿನವಾಗಿತ್ತು. ಭಾನುವಾರ ಬೆಳಗ್ಗೆ ಎಂಟರ ಹೊತ್ತಿಗೆ ಓಬೆರಾನ್ ಊರಿನ ಪೈನ್ ಕಾಡಿನಲ್ಲಿ ಬ್ರೊನ್ಯಾ ಅಣ್ಣನ ಬುಟ್ಟಿಯ ಮುಂದೆ ಮಂಡಿಯೂರಿ, ಒಂದೊಂದೇ ಹಾಲಣಬೆಯ ಕಾಂಡ ಕೊಯ್ದು ನೋಡುತ್ತಿದ್ದಳು. ಕೇಸರಿ ಹಾಲು ಒಸರಿದರೆ ಒಳ್ಳೆಯದು. ಆ ಹಾಲು ಕೈಗೆ ಮೆತ್ತಿ ಆರಿದರೆ ಹಸಿರಾಗುತ್ತದೆ. ಹದಿನೇಳನೆಯದರಲ್ಲಿ ಬಿಳಿ ಹಾಲು ಒಸರಿತು.

ಅವರ ಮನೆಯ ಕಟ್ಟಳೆ ಒಂದೇ: ಒಂದು ತಪ್ಪು ಅಣಬೆ ಬಿದ್ದರೆ ಇಡೀ ಬುಟ್ಟಿ ಮಣ್ಣಿಗೆ. ಹುಟ್ಟಿದ ನಾಡು ಪೋಲೆಂಡಿನಲ್ಲಿ, ಅವಳಿಗೆ ಎಂಟು ವರ್ಷವಿದ್ದಾಗ, ಅಣ್ಣ ಝೆನೊನನೇ ಅವಳ ಬುಟ್ಟಿ ಸುರಿಸಿದ್ದ. ಮನೆತನಕ ಅತ್ತುಕೊಂಡೇ ನಡೆದಿದ್ದಳು. ಈಚೆಗೆ ಕಣ್ಣು ಮಬ್ಬಾದ ಮೇಲೆ ಅವನು ತನಗೂ ಒಂದು ಮಾತು ಕಟ್ಟಿಕೊಂಡಿದ್ದ: ‘ನಾನು ತಪ್ಪಿದ ದಿನಕ್ಕೆ ನನ್ನ ಕಾಡು ಮುಗೀತು.’ ಹೆಂಡತಿ ಹೋದ ಮೇಲೆ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಈ ಕಾಡೊಂದೇ.

ಬ್ರೊನ್ಯಾ ಅಣಬೆಯನ್ನು ಮೆಲ್ಲಗೆ ಕೋಟಿನ ಜೇಬಿಗೆ ಸೇರಿಸಿದಳು.

“ಏನೇ ಅದು, ಜೇಬಿಗೆ ಹಾಕ್ಕೊಂಡಿದ್ದು?” ಮರಕ್ಕೊರಗಿ ಕೂತಿದ್ದ ಝೆನೊನ್ ಕೇಳಿದ.

“ಪೈನ್ ಕಾಯಿ ಅಣ್ಣ. ಒಲೆ ಹಚ್ಚೋಕೆ.”

“ನಿನ್ನ ಮನೇಲಿರೋದು ಗ್ಯಾಸ್ ಒಲೆ ಕಣೇ. ಎಪ್ಪತ್ತಾದ್ರೂ ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರಲ್ವಲ್ಲ ನಿಂಗೆ! ಕೊಡಿಲ್ಲಿ.”

ಅವನು ಅಣಬೆಯ ಅಂಚು ಸವರಿದ. ತುಪ್ಪಳದಂತಿತ್ತು. ಹಾಲನ್ನು ನಾಲಗೆಯ ತುದಿಗೆ ಮುಟ್ಟಿಸಿ ಉಗಿದ; ಅಷ್ಟರಿಂದ ಕೇಡಿಲ್ಲವೆಂದು ಅವನಿಗೆ ಗೊತ್ತಿತ್ತು.

“ಖಾರ. ಬರ್ಚ್ ಮರದ ಬುಡದ್ದು. ಪೈನ್ ಅಂದ್ಕೊಂಡು ಅಲ್ಲಿಗೆ ಹೋಗಿಬಿಟ್ಟಿದ್ದೀನಿ ನೋಡು.”

“ಒಂದೇ ಒಂದು ಅಣ್ಣ. ಮಿಕ್ಕಿದ್ದೆಲ್ಲ ಒಳ್ಳೇದೇ. ಬೆಣ್ಣೇಲಿ ಹುರಿದುಕೊಡ್ತೀನಿ, ಬಾ.”

“ಅವತ್ತು ನಿಂದೂ ಒಂದೇ ಅಲ್ವೇನೆ?”

ಝೆನೊನ್ ಮರ ಹಿಡಿದು ಎದ್ದ. ಬುಟ್ಟಿಯನ್ನು ತಾನೇ ಬೋರಲು ಹಾಕಿದ. ಚಾಕುವನ್ನು ಮಡಿಸಿ ತಂಗಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ.

“ಅವತ್ತು ನೀನು ಅತ್ತಿದ್ದು ಇನ್ನೂ ಕಿವೀಲಿದೆ ಕಣೇ, ಬ್ರೊನ್ಯಾ,” ಎಂದ. ಮಾರನೆಯ ಬೆಳಗ್ಗೆ ಹಾಸಿಗೆಯಿಂದ ಏಳಲಿಲ್ಲ.

ಗುರುವಾರ ಬೆಳಗಿನ ಜಾವ ಝೆನೊನ್ ತೀರಿಹೋದ. ಬ್ರೊನ್ಯಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅವನ ಮುಖ ಒರೆಸಿದಳು, ಕೈ ಒರೆಸಿದಳು. ಹೆಬ್ಬೆರಳಿನ ಉಗುರಿನ ಸಂದಿ ಇನ್ನೂ ಹಸಿರಾಗಿತ್ತು. ಅದೊಂದನ್ನು ಅವಳು ಒರೆಸಲಿಲ್ಲ.