ಮಂಡಿನೋವಿನ ಹೊಸ ಜಾಗ

ನೋವನ್ನು ಮೈಯಿಂದ ಹೊರಗೆ ಹಾಕಲು ಇನ್ನೂ ಯಾರಿಗೂ ಆಗಿಲ್ಲ. ಜಾಗ ಬದಲಾಯಿಸಿಕೊಡುತ್ತಾರೆ, ಅಷ್ಟೆ. ನಮ್ಮ ಯಜಮಾನರ ಹಲ್ಲುನೋವು ಹೋದ ವರ್ಷದಿಂದ ಕಾಲಿನ ಕಿರುಬೆರಳಲ್ಲಿದೆ. ಕೋಲಾಟದ ಸ್ಪರ್ಧೆ ಹತ್ತಿರ ಬಂತಲ್ಲ ಅಂತ ನಾನೂ ಮಂಡಿನೋವು ಸರಿಸಿಕೊಳ್ಳಲು ಆಸ್ಪತ್ರೆಗೆ ಹೋದೆ.

“ಅಂಗೈ ಮುಂದೆ ಮಾಡಿ ನೆಟ್ಟಗೆ ನಿಂತ್ಕೊಳ್ಳಿ ಅಜ್ಜಿ,” ಎಂದಳು ನೋವು ಸರಿಸುವ ಶಾಹಿದಾ. “ಯಾವ ಕಡೆ ಹಾಕಲಿ?”

“ಮೇಲಕ್ಕೆ, ಹಿಂದಕ್ಕೆ.”

“ಬೆನ್ನಿಗಾ?”

“ಬೆನ್ನು ಬಗ್ಗಬೇಕು ಕಣೇ. ಭುಜ ಕೋಲು ಬೀಸಬೇಕು. ತಲೆಗೆ ಹಾಕಿದರೆ ಹಾಡು ಮರೆತುಹೋಗುತ್ತೆ. ಕುಂಡಿಗೆ ಹಾಕು. ಮಂಡಿಯೂ ಎರಡು, ಅದೂ ಎರಡು.”

“ಆಮೇಲೆ ಕೂರೋಕಾಗಲ್ಲ ಅಜ್ಜಿ!”

“ಕೂತ್ಕೊಂಡು ಕೋಲಾಟ ಆಡ್ತಾರೇನೇ?”

ಸ್ಪರ್ಧೆಯಲ್ಲಿ ಹುಡುಗಿಯರು ನಾಚುವಂತೆ ಕುಣಿದೆ. ಬಹುಮಾನ ನಮ್ಮ ತಂಡಕ್ಕೇ ಬಂತು. ಆದರೆ ಅದನ್ನು ಕೊಡುವ ಮುಂಚೆ ಅಧ್ಯಕ್ಷರ ಭಾಷಣ. ಎಲ್ಲರೂ ಕುರ್ಚಿ ಹಿಡಿದರು. ನಾನೊಬ್ಬಳೇ ನಿಂತಿದ್ದೆ.

ಅಧ್ಯಕ್ಷರ ಕಣ್ಣು ತುಂಬಿ ಬಂತು. “ನೋಡಿ, ಈ ತಾಯಿ ಗೌರವದಿಂದ ನಿಂತೇ ಕೇಳುತ್ತಿದ್ದಾರೆ. ಇವರಿಗೋಸ್ಕರವಾದರೂ ಇನ್ನೂ ನಾಲ್ಕು ಮಾತು ಹೇಳಲೇಬೇಕು,” ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು.

ಮರುದಿನ ಶಾಹಿದಾಳ ಮುಂದೆ ನಮ್ಮ ತಂಡದವರೆಲ್ಲ ಅಂಗೈ ಮುಂದೆ ಮಾಡಿಕೊಂಡು ಸಾಲಾಗಿ ನಿಂತಿದ್ದರು, ತಲೆನೋವು ಕೆಳಗಿಳಿಸಿಕೊಳ್ಳಲು.